ಗಾಲಿಯ ಕೀಲು

ಎತ್ತಿನ ಗಾಡಿಯ ಗಾಲಿಗೆ ಇರುವುದು ಒಂದೇ ಕೆಲಸ: ಭಾರವನ್ನು ಹೊತ್ತು ಉರುಳುವುದು. ಗಾಡಿಯನ್ನು ಎಳೆಯುವವು ಎತ್ತುಗಳು. ಅದರ ದಿಕ್ಕನ್ನು ಬದಲಿಸುವವೂ ಅವೇ. ಆದುದರಿಂದ ಅಚ್ಚಿನ ತುದಿಗೆ ಗಾಲಿಯನ್ನು ತೊಡಿಸಿ, ಅದು ಕಳಚದಂತೆ ಕಡೆಗೀಲನ್ನು ಹಾಕಿದರೆ ಬಡಗಿಯ ಕೆಲಸ ಮುಗಿಯಿತು. ಮೋಟಾರು ವಾಹನವು ಬಂದ ಮೇಲೆ ಈ ಸರಳತೆ ಉಳಿಯಲಿಲ್ಲ. ಎತ್ತಿನ ಸ್ಥಾನದಲ್ಲಿ ಎಂಜಿನ್ ಬಂದಿತು. ಅದರ ಶಕ್ತಿಯು ಗಾಲಿಯನ್ನೇ ತಿರುಗಿಸಿ ವಾಹನವನ್ನು ಮುಂದಕ್ಕೆ ನೂಕಬೇಕಾಯಿತು. ಬಹುಕಾಲ ಹೆಚ್ಚಿನ ವಾಹನಗಳಲ್ಲಿ ಈ ಹೊಣೆಯನ್ನು ಹಿಂದಿನ ಗಾಲಿಗಳಿಗೆ ವಹಿಸಿ, ಮುಂದಿನ ಗಾಲಿಗಳಿಗೆ ದಿಕ್ಕು ಬದಲಿಸುವ ಕೆಲಸವನ್ನಷ್ಟೇ ಉಳಿಸಿದ್ದರು.

ಒಳ್ಳೆಯ ರಸ್ತೆಯಲ್ಲಿ ಈ ಏರ್ಪಾಡು ಸಾಕು. ಆದರೆ ಕೆಸರಿನಲ್ಲಿ, ಮರಳಿನಲ್ಲಿ, ಕಲ್ಲುಬಂಡೆಗಳ ಏರಿನಲ್ಲಿ ಹಿಂದಿನ ಗಾಲಿಗಳು ಹಿಡಿತ ತಪ್ಪಿ ನಿಂತಲ್ಲಿಯೇ ಸುತ್ತತೊಡಗುತ್ತವೆ. ಅಂತಹ ಕಡೆ ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಹರಿದರೆ ಮಾತ್ರ ವಾಹನವು ಮುಂದೆ ಸಾಗೀತು. ಆಗ ಮುಂದಿನ ಗಾಲಿಗೆ ಎರಡು ಕೆಲಸಗಳು ಒಟ್ಟಿಗೆ ಬಂದೊದಗುತ್ತವೆ. ಅದು ಎಂಜಿನ್ನಿನ ಬಲದಿಂದ ತಿರುಗಬೇಕು. ಅದೇ ಕಾಲಕ್ಕೆ ಚಾಲಕನ ಇಚ್ಛೆಯಂತೆ ಎಡಕ್ಕೂ ಬಲಕ್ಕೂ ಹೊರಳಬೇಕು. ಶಕ್ತಿಯನ್ನು ತರುವ ಉಕ್ಕಿನ ದಂಡವಾದರೋ ಬಾಗುವುದಿಲ್ಲ. ಬಾಗಿದ್ದರೂ ತಿರುಗಬಲ್ಲ ಕೀಲೊಂದು ಅದರ ನಡುವೆ ಇರಲೇಬೇಕು. ನಾಲ್ಕು ಗಾಲಿಗಳ ಚಾಲನೆಯ ವಾಹನಗಳ ಕಥೆಯು ಬಹುಮಟ್ಟಿಗೆ ಈ ಕೀಲಿನ ಕಥೆಯೇ ಆಗಿದೆ.

ಇಂತಹ ಕೀಲಿನ ಕಲ್ಪನೆ ಮೋಟಾರಿಗಿಂತ ಬಹಳ ಹಳೆಯದು. 16ನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೋನ ಹೆಸರು ಇದಕ್ಕೆ ಅಂಟಿಕೊಂಡಿದೆ. ಸ್ಪ್ರಿಂಗಿನ ನಿಯಮದಿಂದ ವಿದ್ಯಾರ್ಥಿಗಳಿಗೆ ಪರಿಚಿತನಾದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್, 1676ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿ ‘ಯೂನಿವರ್ಸಲ್ ಜಾಯಿಂಟ್’ ಎಂದು ಕರೆದನು. ಇದರ ರಚನೆ ಸರಳವಾದುದು. ಎರಡು ದಂಡಗಳ ತುದಿಗಳಲ್ಲಿ ಒಂದೊಂದು ಕವಲು. ಆ ಕವಲುಗಳನ್ನು ಜೋಡಿಸುವ ಶಿಲುಬೆಯಾಕಾರದ ಒಂದು ಉಕ್ಕಿನ ತುಂಡು. ಮೋಟಾರು ಕೆಲಸಗಾರರು ಇದನ್ನು ‘ಕ್ರಾಸ್’ ಎನ್ನುತ್ತಾರೆ. ಅದರ ನಾಲ್ಕು ತುದಿಗಳೂ ಬೇರಿಂಗಿನ ಟೊಪ್ಪಿಗೆಗಳಲ್ಲಿ ಕುಳಿತಿರುವುದರಿಂದ ಒಂದು ದಂಡವು ಓರೆಯಾಗಿದ್ದರೂ ಇನ್ನೊಂದರೊಡನೆ ತಿರುಗುತ್ತದೆ.

ಆದರೆ ಈ ಕೀಲಿನಲ್ಲಿ ಒಂದು ಕೊರತೆಯಿದೆ. ದಂಡಗಳು ನೇರವಾಗಿರುವಾಗ ಎರಡರ ವೇಗವೂ ಒಂದೇ. ಓರೆಯಾದಾಗ ಹಾಗಲ್ಲ. ಮೊದಲ ದಂಡವು ನಿಮಿಷಕ್ಕೆ 100 ಸುತ್ತುಗಳಂತೆ ಒಂದೇ ವೇಗದಲ್ಲಿ ತಿರುಗುತ್ತಿರಲಿ. ಕೀಲು 30 ಡಿಗ್ರಿಗಳಷ್ಟು ಬಾಗಿರಲಿ. ಆಗ ಎರಡನೆಯ ದಂಡದ ವೇಗವು ಒಮ್ಮೆ ಸುಮಾರು 115ಕ್ಕೆ ಏರಿ, ಒಮ್ಮೆ ಸುಮಾರು 87ಕ್ಕೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲಿಯೂ ಈ ಏರಿಳಿತ ಎರಡು ಬಾರಿ ನಡೆಯುತ್ತದೆ. ಸುತ್ತುಗಳ ಒಟ್ಟು ಲೆಕ್ಕವು ಸರಿಯಾಗಿಯೇ ಇರುತ್ತದೆ. ನಡಿಗೆ ಮಾತ್ರ ಕುಂಟುತ್ತದೆ. ತಿರುವಿನಲ್ಲಿ ಈ ಕುಂಟುವಿಕೆಯು ಚಾಲಕನ ಕೈಗೆ ನಡುಕವಾಗಿ ತಿಳಿಯುತ್ತದೆ. ಅಚ್ಚಿಗೂ ಹಲ್ಲುಚಕ್ರಗಳಿಗೂ ಹೊಡೆತವಾಗಿ ತಗಲುತ್ತದೆ.

ಈ ಕೊರತೆಯನ್ನು ನೀಗಲು 1920ರ ದಶಕದಲ್ಲಿ ಹಲವರು ಶ್ರಮಿಸಿದರು. ಫ್ರಾನ್ಸಿನಲ್ಲಿ ಗ್ರೆಗ್ವಾರ್ ಮತ್ತು ಫೆನಾಯ್ ಎಂಬವರು ‘ಟ್ರಾಕ್ಟಾ’ ಕೀಲನ್ನು ರೂಪಿಸಿದರು. ಅಮೆರಿಕದಲ್ಲಿ ವೈಸ್ ಮತ್ತು ರೆಝೆಪ್ಪಾ ಎಂಬ ಎಂಜಿನಿಯರುಗಳು ಉಕ್ಕಿನ ಗುಂಡುಗಳನ್ನು ಬಳಸಿ ಬೇರೆ ಬೇರೆ ಕೀಲುಗಳನ್ನು ರಚಿಸಿದರು. ರೆಝೆಪ್ಪಾನ ಕೀಲಿನಲ್ಲಿ ಒಂದರೊಳಗೊಂದು ಕುಳಿತ ಎರಡು ಬಟ್ಟಲುಗಳಂತಹ ಭಾಗಗಳಿವೆ. ಅವುಗಳ ನಡುವಿನ ತೋಡುಗಳಲ್ಲಿ ಆರು ಗುಂಡುಗಳು ಕುಳಿತು ಬಲವನ್ನು ಸಾಗಿಸುತ್ತವೆ. ಕೀಲು ಎಷ್ಟೇ ಬಾಗಿದರೂ ಆ ಗುಂಡುಗಳು ಎರಡು ದಂಡಗಳ ನಡುವಣ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲಿಯೇ ಉಳಿಯುತ್ತವೆ. ಕನ್ನಡಿಯಿಂದ ವಸ್ತುವಿಗೆ ಎಷ್ಟು ದೂರವೋ ಪ್ರತಿಬಿಂಬಕ್ಕೂ ಅಷ್ಟೇ ದೂರ. ಹಾಗೆಯೇ ಗುಂಡುಗಳಿಗೂ ಎರಡು ದಂಡಗಳಿಗೂ ಇರುವ ಸಂಬಂಧವು ಎರಡು ಕಡೆಯೂ ಸಮಾನ. ಆದುದರಿಂದ ಎರಡರ ವೇಗವೂ ಸಮಾನ. ಇಂತಹ ಕೀಲುಗಳಿಗೆ ಸಮವೇಗದ ಕೀಲುಗಳೆಂದು ಹೆಸರು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ 1941ರಿಂದ 1945ರವರೆಗೆ ಲಕ್ಷಗಟ್ಟಲೆ ಜೀಪುಗಳು ತಯಾರಾದವು. ಅವುಗಳ ಮುಂದಿನ ಅಚ್ಚಿನಲ್ಲಿ ಟ್ರಾಕ್ಟಾ, ವೈಸ್, ರೆಝೆಪ್ಪಾ ಮಾದರಿಯ ಕೀಲುಗಳನ್ನೂ, ಕೆಲವದರಲ್ಲಿ ಕ್ರಾಸ್ ಮಾದರಿಯ ಕೀಲನ್ನೂ ಬಳಸಲಾಯಿತು. ಭಾರತದಲ್ಲಿ 1940ರ ದಶಕದ ಕೊನೆಯ ಭಾಗದಲ್ಲಿ ಜೀಪುಗಳ ಜೋಡಣೆ ಆರಂಭವಾಯಿತು. ಮಲೆನಾಡಿನ ಕಾಫಿ ತೋಟಗಳ ಕೆಸರು ದಾರಿಗಳಲ್ಲಿ ಮಳೆಗಾಲದಲ್ಲಿಯೂ ಸಂಚರಿಸಬಲ್ಲ ವಾಹನವೆಂದು ಜೀಪು ಕನ್ನಡಿಗರಿಗೂ ಚಿರಪರಿಚಿತವಾಯಿತು.

ಕಡಿದಾದ ಏರಿನಲ್ಲಿ ಈ ಪುಟ್ಟ ಕೀಲಿನ ಮೇಲೆ ಬೀಳುವ ಹೊರೆ ಸಾಮಾನ್ಯವಾದುದಲ್ಲ. ಯುದ್ಧಕಾಲದ ಜೀಪಿನಲ್ಲಿ ಅತಿ ಕಡಿಮೆ ವೇಗದ ಗೇರನ್ನು ಹಾಕಿದಾಗ, ಎಂಜಿನ್ನಿನ ತಿರುಗಿಸುವ ಬಲವು ಹಲ್ಲುಚಕ್ರಗಳನ್ನು ದಾಟಿ ಅಚ್ಚುಗಳನ್ನು ತಲುಪುವ ವೇಳೆಗೆ ಒಟ್ಟಾರೆ ಸುಮಾರು 25 ಪಟ್ಟು ಹೆಚ್ಚುತ್ತಿತ್ತು. ಅದರ ಒಂದು ಪಾಲನ್ನು ಪ್ರತಿ ಮುಂಗಾಲಿಯ ಕೀಲೂ ಹೊರಬೇಕು. ಗಾಲಿ ದೊಡ್ಡದಾದಷ್ಟೂ ಈ ಹೊರೆ ಹೆಚ್ಚುತ್ತದೆ. 28 ಅಂಗುಲ ವ್ಯಾಸದ ಗಾಲಿಯ ಬದಲು 35 ಅಂಗುಲದ ಗಾಲಿಯನ್ನು ತೊಡಿಸಿದರೆ, ನೆಲದ ಹಿಡಿತ ಅಷ್ಟೇ ಇದ್ದರೂ, ಗಾಲಿ ಜಾರುವ ಮೊದಲು ಕೀಲು ತಾಳಬೇಕಾದ ಬಲವು ಕಾಲು ಭಾಗದಷ್ಟು ಏರುತ್ತದೆ. ಗಾಲಿಯು ಬಂಡೆಗಳ ನಡುವೆ ಸಿಕ್ಕಿಕೊಂಡು ಪೂರ್ತಿ ಹೊರಳಿರುವಾಗ ಚಾಲಕನು ತಾಳ್ಮೆಗೆಟ್ಟು ಎಂಜಿನ್ನಿಗೆ ರಭಸ ಕೊಟ್ಟನೆಂದರೆ, ಓರೆಯಾಗಿ ಮೊದಲೇ ದುರ್ಬಲವಾದ ಕ್ರಾಸ್ ಮುರಿಯುತ್ತದೆ. ಇಲ್ಲವೇ ಕವಲಿನ ಕಿವಿ ಸೀಳುತ್ತದೆ. ಚೂರುಗಳು ಸುತ್ತಲಿನ ಭಾಗಗಳಿಗೆ ಬಡಿಯುತ್ತವೆ. ಮುಂದಿನ ಎಳೆತ ತಪ್ಪಿದ ವಾಹನವು ಏರಿನ ನಡುವೆ ಹಿಂಜಾರಬಹುದು. ಅಲ್ಲಿ ಮುರಿಯುವುದು ಕೀಲೊಂದೇ ಆದರೂ ಅಪಾಯಕ್ಕೆ ಒಳಗಾಗುವವರು ಒಳಗೆ ಕುಳಿತವರೆಲ್ಲರೂ.

ಆದುದರಿಂದ ದುರ್ಗಮ ದಾರಿಗಳಲ್ಲಿ ಸಂಚರಿಸುವವರು ಮುಂದಿನ ಅಚ್ಚಿನ ಕೀಲುಗಳನ್ನು ಬಲಪಡಿಸುತ್ತಾರೆ. ಕೆಲವರು ಮೊದಲಿನದಕ್ಕಿಂತ ದಪ್ಪನಾದ ಕ್ರಾಸನ್ನು ಹಾಕಿಸುತ್ತಾರೆ. ಕೆಲವರು ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿ ಹದಗೊಳಿಸಿದ ಉಕ್ಕಿನ ದಂಡಗಳನ್ನು ತೊಡಿಸುತ್ತಾರೆ. ಮತ್ತೆ ಕೆಲವರು ಕ್ರಾಸನ್ನೇ ಬಿಟ್ಟು ಸಮವೇಗದ ಕೀಲುಗಳನ್ನು ಆರಿಸಿಕೊಳ್ಳುತ್ತಾರೆ. ಇವು ತಿರುವಿನಲ್ಲಿಯೂ ಸರಾಗವಾಗಿ ತಿರುಗುತ್ತವೆ. ಆದರೆ ಇವುಗಳನ್ನು ಮುಚ್ಚಿರುವ ರಬ್ಬರಿನ ಚೀಲ ಹರಿದು, ಗ್ರೀಸು ಸೋರಿ, ಮಣ್ಣು ಒಳಹೊಕ್ಕರೆ ಉತ್ತಮವಾದ ಕೀಲೂ ಬೇಗನೆ ಸವೆದುಹೋಗುತ್ತದೆ.

ಇಲ್ಲಿಯೇ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಎಂಜಿನ್ನಿನಿಂದ ಹೊರಟ ಬಲವು ಹಲ್ಲುಚಕ್ರ, ದಂಡ, ಕೀಲು, ಗಾಲಿ ಎಂಬ ಸಾಲಿನಲ್ಲಿ ಹರಿಯುತ್ತದೆ. ಒಂದು ಭಾಗವನ್ನು ಬಲಪಡಿಸಿದ ಮಾತ್ರಕ್ಕೆ ಬಲದ ಹೊಡೆತ ಇಲ್ಲವಾಗದು; ಅದು ಸಾಲಿನಲ್ಲಿ ಮುಂದಿನ ದುರ್ಬಲ ಭಾಗವನ್ನು ಹುಡುಕಿಕೊಂಡು ಹೋಗುತ್ತದೆ. ಕೀಲು ಮುರಿಯದಿದ್ದರೆ ದಂಡ ತಿರುಚಿಕೊಳ್ಳಬಹುದು. ದಂಡವೂ ತಾಳಿಕೊಂಡರೆ ಅಚ್ಚಿನ ನಡುವಣ ಹಲ್ಲುಚಕ್ರಗಳೇ ಮುರಿಯಬಹುದು. ಗಾಲಿಯ ಬಳಿಯ ಕ್ರಾಸನ್ನು ದಾರಿಯಲ್ಲಿಯೇ ಬದಲಿಸುವುದು ನುರಿತವನಿಗೆ ಸಾಧ್ಯ. ಹಲ್ಲುಚಕ್ರ ಮುರಿದರೆ ಅಚ್ಚನ್ನೇ ಬಿಚ್ಚಬೇಕಾಗುತ್ತದೆ. ಮನೆಯ ವಿದ್ಯುತ್ತಿನ ಫ್ಯೂಸು ತಾನು ಸುಟ್ಟು ಉಳಿದುದನ್ನು ಕಾಯುತ್ತದೆ. ಅದರಂತೆ, ಸುಲಭವಾಗಿ ಬದಲಿಸಬಹುದಾದ ಒಂದು ಭಾಗವು ಮೊದಲು ಸೋಲುವಂತೆ ಇರುವುದೂ ಒಂದು ಜಾಣ್ಮೆಯೇ. ಆದುದರಿಂದ ಬಲಪಡಿಸುವ ಮೊದಲು ಇಡೀ ಸಾಲನ್ನು ಪರಿಶೀಲಿಸಬೇಕು.

ಕೀಲಿನ ಆಯುಷ್ಯವು ಚಾಲಕನ ನಡವಳಿಕೆಯನ್ನೂ ಅವಲಂಬಿಸಿದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಹಳೆಯ ಮಾದರಿಯ ಜೀಪುಗಳಲ್ಲಿ ಗಟ್ಟಿ ರಸ್ತೆಗೆ ಬಂದ ಮೇಲೂ ಮುಂಗಾಲಿಗಳ ಚಾಲನೆಯನ್ನು ಬಿಡಿಸದಿದ್ದರೆ, ಈ ವ್ಯತ್ಯಾಸದ ಬಿಗಿತವೆಲ್ಲ ಕೀಲುಗಳ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಗಾಲಿಯು ಜಾರಿ ಈ ಬಿಗಿತವನ್ನು ಕಳೆಯುತ್ತದೆ. ಡಾಂಬರಿನ ರಸ್ತೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಬಂಡೆಯ ನಡುವೆ ಸಿಕ್ಕಾಗ ರಭಸಕ್ಕೆ ಬದಲಾಗಿ ತಾಳ್ಮೆಯಿಂದ, ಗಾಲಿಯನ್ನು ಆದಷ್ಟು ನೇರಗೊಳಿಸಿ ಸಾಗುವವನ ವಾಹನದಲ್ಲಿ ಸಾಧಾರಣವಾದ ಕೀಲೂ ಬಹುಕಾಲ ಬಾಳುತ್ತದೆ.

ಅಂಗೈಯಲ್ಲಿ ಹಿಡಿಯಬಹುದಾದ ಉಕ್ಕಿನ ತುಂಡೊಂದು ಇಡೀ ವಾಹನದ ಬಲವನ್ನು ತನ್ನ ಮೂಲಕ ಹರಿಯಗೊಡುತ್ತದೆ, ಬಾಗುತ್ತಲೇ ದುಡಿಯುತ್ತದೆ. ಹೊರಗೆ ಕಾಣುವ ದೊಡ್ಡ ಗಾಲಿಗಳನ್ನು ಮೆಚ್ಚುವವರು ಬಹಳ. ಆದರೆ ಏರನ್ನು ಹತ್ತಿ ಕ್ಷೇಮವಾಗಿ ಇಳಿಯಬೇಕಾದವನು ಮೊದಲು ಬಗ್ಗಿ ನೋಡಬೇಕಾದುದು ಗಾಲಿಯ ಹಿಂದೆ ಮರೆಯಾಗಿರುವ ಆ ಕೀಲನ್ನು.