ಬಾಯಿಲ್ಲದ ಹುಳಕ್ಕೆ ಊಟ ಯಾರು ಕೊಡುತ್ತಾರೆ?

ಕಳೆದ ವರ್ಷದ ಬೋಧನಾಭ್ಯಾಸದಲ್ಲಿ ಸಿಂಧನೂರಿನ ಒಂದು ಶಾಲೆಯ ಏಳನೇ ತರಗತಿಯಲ್ಲಿ ನಾನು ವೀಕ್ಷಕನಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠ ‘ಸಸ್ಯಗಳಲ್ಲಿ ಪೋಷಣೆ’. ನಮ್ಮ ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ಕೊನೆಯಲ್ಲಿ ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆದರು: ‘ಸೂರ್ಯನ ಬೆಳಕಿಲ್ಲದೆ ಯಾವ ಜೀವಿಗೂ ಆಹಾರವಿಲ್ಲ.’ ಪಾಠ ಯೋಜನೆಯಲ್ಲಿ ಅದೇ ವಾಕ್ಯಕ್ಕೆ ನಾನೇ ಸಹಿ ಹಾಕಿದ್ದೆ.

ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ನಿಂತ. “ಸರ್, ಸಮುದ್ರದ ತಳಕ್ಕ ಬೆಳಕೇ ಹೋಗಂಗಿಲ್ಲಂತ್ರಿ. ಅಲ್ಲಿ ಉದ್ದುದ್ದ ಹುಳ ಇರ್ತಾವು, ಮೊಬೈಲ್‌ನ್ಯಾಗ ನೋಡೀನ್ರಿ. ಅವಕ್ಕ ಊಟ ಯಾರು ಕೊಡ್ತಾರ್ರಿ?”

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ಮುಂದೆ ಸಾಗಿ ಎಂದು ನಾನು ಕೈ ಸನ್ನೆ ಮಾಡಿದೆ. ಗಂಟೆ ಬಾರಿಸಲು ಐದು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಹಂತ ಬಾಕಿ ಇತ್ತು. ಅಂದು ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಷರಾ: ‘ಪಾಠಕ್ಕೆ ಸಂಬಂಧಿಸದ ಪ್ರಶ್ನೆಯನ್ನು ಸಮಯಪ್ರಜ್ಞೆಯಿಂದ ನಿಭಾಯಿಸಿದ್ದೀರಿ.’ ಸಂಜೆ ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ಆ ತಾಸಿನಲ್ಲಿ ಪಾಠಕ್ಕೆ ಅತ್ಯಂತ ಸಂಬಂಧಿಸಿದ ಪ್ರಶ್ನೆ ಅದೊಂದೇ. ತಪ್ಪಿದ್ದದ್ದು ಹಲಗೆಯ ಮೇಲಿನ ವಾಕ್ಯ.

ಹುಡುಗ ನೋಡಿದ್ದು ಬಹುಶಃ ದೈತ್ಯ ಕೊಳವೆಹುಳು. 1977ರಲ್ಲಿ ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕೆ ‘ಆಲ್ವಿನ್’ ಎಂಬ ಜಲಾಂತರ ವಾಹನದಲ್ಲಿ ಇಳಿದವರು ಭೂವಿಜ್ಞಾನಿಗಳು. ಅವರು ಹುಡುಕುತ್ತಿದ್ದದ್ದು ಬಿಸಿನೀರಿನ ಬುಗ್ಗೆಗಳನ್ನು. ಅದರ ಸುತ್ತ ಜೀವಿಗಳ ಸಂತೆಯೇ ನೆರೆದಿರುತ್ತದೆಂದು ಯಾರೂ ಎಣಿಸಿರಲಿಲ್ಲ. ತಂಡದಲ್ಲಿ ಜೀವವಿಜ್ಞಾನಿಯೇ ಇರಲಿಲ್ಲ. ಅಲ್ಲಿ ಸಿಕ್ಕ ಕೊಳವೆಹುಳುಗಳಲ್ಲಿ ಎರಡು ಮೀಟರ್ ಮುಟ್ಟುವಷ್ಟು ಉದ್ದದವೂ ಇರುತ್ತವೆ. ಬೆಳೆದ ಹುಳಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ.

ಒಗಟು ಬಿಡಿಸಿದ್ದು ಒಬ್ಬ ವಿದ್ಯಾರ್ಥಿನಿ. ಹುಳವನ್ನು ಕೊಯ್ದು ಪರೀಕ್ಷಿಸುತ್ತಿದ್ದ ಮೆರೆಡಿತ್ ಜೋನ್ಸ್ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಡುವಾಗ, ಅದರ ದೇಹದೊಳಗೆ ಗಂಧಕದ ಹರಳುಗಳಿವೆ ಎಂದರು. ಕೇಳುತ್ತಿದ್ದ ಕಾಲಿನ್ ಕ್ಯಾವನಾ ಎಂಬ ವಿದ್ಯಾರ್ಥಿನಿ ಎದ್ದು, ಹಾಗಾದರೆ ಹುಳದೊಳಗೆ ಗಂಧಕ ಬಳಸುವ ಬ್ಯಾಕ್ಟೀರಿಯಾ ಇರಲೇಬೇಕು ಎಂದರು. 1981ರಲ್ಲಿ ಅವರು ಸಹಸಂಶೋಧಕರೊಡನೆ ಅದಕ್ಕೆ ಆಧಾರ ಪ್ರಕಟಿಸಿದರು. ಅಲ್ಲಿ ಗಡಿಯಾರ ನೋಡಿ ಮುಂದೆ ಸಾಗಿ ಎಂದು ಸನ್ನೆ ಮಾಡುವವರು ಯಾರೂ ಕುಳಿತಿರಲಿಲ್ಲ ಎಂದು ಕಾಣುತ್ತದೆ.

ಹುಳದ ದೇಹದಲ್ಲಿ ಟ್ರೋಫೋಸೋಮ್ ಎಂಬ ಮೆತ್ತನೆಯ ಅಂಗವಿದೆ. ಅದರ ತುಂಬ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು. ತಲೆಯ ಮೇಲಿನ ಕೆಂಪು ಗರಿಯಂಥ ಭಾಗದಿಂದ ಹುಳ ನೀರಿನಲ್ಲಿರುವ ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಈ ಮೂರನ್ನೂ ಹೀರುತ್ತದೆ. ಸಲ್ಫೈಡ್ ನಮಗೆ ವಿಷ. ಹುಳದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಒಂದು ಜಾಗದಲ್ಲಿ, ಸಲ್ಫೈಡನ್ನು ಇನ್ನೊಂದು ಜಾಗದಲ್ಲಿ ಹಿಡಿದುಕೊಂಡು ಬ್ಯಾಕ್ಟೀರಿಯಾದ ಬಳಿಗೆ ಒಯ್ಯುತ್ತದೆ. ಬ್ಯಾಕ್ಟೀರಿಯಾ ಸಲ್ಫೈಡನ್ನು ಆಮ್ಲಜನಕದೊಡನೆ ಉತ್ಕರ್ಷಿಸಿ ಶಕ್ತಿ ಪಡೆಯುತ್ತದೆ. ಆ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಆಹಾರವಾಗಿ ಕಟ್ಟುತ್ತದೆ. ಎಲೆ ಬೆಳಕಿನಿಂದ ಮಾಡುವ ಕೆಲಸವನ್ನು ಇದು ರಾಸಾಯನಿಕ ಕ್ರಿಯೆಯ ಶಕ್ತಿಯಿಂದ ಮಾಡುತ್ತದೆ. ಅದಕ್ಕೇ ಇದು ರಾಸಾಯನಿಕ ಸಂಶ್ಲೇಷಣೆ.

ಇಷ್ಟನ್ನು ಓದಿಕೊಂಡೆನಾದರೂ ಸಮುದ್ರವನ್ನೇ ಕಾಣದ ಮಕ್ಕಳಿಗೆ ಇದನ್ನು ಹೇಗೆ ಮುಟ್ಟಿಸುವುದು ಎಂಬುದು ಉಳಿದಿತ್ತು. ಮುಂದಿನ ವಾರ ಲಿಂಗಸುಗೂರಿನ ಶಾಲೆಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿಗೆ ಅದೇ ಪಾಠ. ಅವರ ಮನೆಯವರದು ಶೇಂಗಾ ಹೊಲ. “ಸರ್, ಹುಳದ ಚಿತ್ರ ಆಮೇಲೆ ತೋರಿಸೋಣ. ಮೊದಲು ಒಂದು ಶೇಂಗಾ ಗಿಡ ಕಿತ್ತು ತರ್ತೀನಿ” ಎಂದರು. ಆ ಪಾಠದಲ್ಲಿ ನಾನು ಕಲಿತದ್ದೇ ಹೆಚ್ಚು.

ಬೇರಿನ ಗಂಟುಗಳನ್ನು ಮಕ್ಕಳು ಉಗುರಿನಿಂದ ಸೀಳಿದರು. ಒಳಗೆ ನಸುಗೆಂಪು. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧು. ಗಂಟಿನೊಳಗಿನ ರೈಜೋಬಿಯಂಗೆ ತಕ್ಕಷ್ಟೇ ಆಮ್ಲಜನಕ ಸಿಗುವಂತೆ ಅದು ನೋಡಿಕೊಳ್ಳುತ್ತದೆ. ಹುಳದ ಗರಿಯ ಕೆಂಪೂ ಹಿಮೋಗ್ಲೋಬಿನ್‌ನದೇ, ಅದೂ ಒಳಗಿನ ಬ್ಯಾಕ್ಟೀರಿಯಾದ ಸೇವೆಯಲ್ಲೇ ಇದೆ. ಇನ್ನೊಂದು ಹೋಲಿಕೆ: ಶೇಂಗಾ ಬೀಜದೊಳಗೆ ರೈಜೋಬಿಯಂ ಇರುವುದಿಲ್ಲ. ಪ್ರತಿ ಸಸಿಯೂ ಮಣ್ಣಿನಿಂದ ಹೊಸದಾಗಿ ಅದನ್ನು ಪಡೆಯಬೇಕು. ಕೊಳವೆಹುಳುವೂ ಹಾಗೆಯೇ, ಮರಿಯಾಗಿದ್ದಾಗ ಸಮುದ್ರದ ನೀರಿನಿಂದ ತನ್ನ ಬ್ಯಾಕ್ಟೀರಿಯಾವನ್ನು ಚರ್ಮದ ಮೂಲಕ ಒಳಗೆ ಬಿಟ್ಟುಕೊಳ್ಳುತ್ತದೆ.

ವ್ಯತ್ಯಾಸವನ್ನೂ ಹೇಳಲೇಬೇಕು, ಇಲ್ಲವಾದರೆ ಹೋಲಿಕೆಯೇ ಮಕ್ಕಳ ದಾರಿ ತಪ್ಪಿಸುತ್ತದೆ. ಹೊಲದಲ್ಲಿ ಗಿಡ ಸಕ್ಕರೆ ಕೊಡುತ್ತದೆ, ರೈಜೋಬಿಯಂ ಸಾರಜನಕ ಕೊಡುತ್ತದೆ. ಸಮುದ್ರದ ತಳದಲ್ಲಿ ಅಡುಗೆ ಮಾಡುವುದು ಬ್ಯಾಕ್ಟೀರಿಯಾ. ಹುಳ ಕೊಡುವುದು ಮನೆ ಮತ್ತು ಅಡುಗೆಗೆ ಬೇಕಾದ ಸಾಮಾನು. ಒಬ್ಬ ಹುಡುಗಿ ಥಟ್ಟನೆ ಹೇಳಿದಳು: “ಹಂಗಾರ ಹುಳಾನೇ ಬಾಡಿಗಿ ಮನಿ ಮಾಲಕ, ಬಾಡಿಗಿ ಊಟದಾಗ ಬರ್ತದ.” ನನ್ನ ವಿವರಣೆಗಿಂತ ಇದು ವಾಸಿ.

ಮಸ್ಕಿಯ ಶಾಲೆಯಲ್ಲಿ ನಕಾಶೆಯಿಂದ ಪಾಠ ಆರಂಭಿಸಿದೆವು. ಮಸ್ಕಿ ಹಳ್ಳ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳಕೊಲ್ಲಿಗೆ. ಸಾವಿರಾರು ವರ್ಷಗಳಿಂದ ಕೃಷ್ಣಾ ಗೋದಾವರಿ ನದಿಗಳು ಒಯ್ದ ಹೂಳು ಅಲ್ಲಿ ಸಮುದ್ರದ ತಳದಲ್ಲಿ ದಪ್ಪನಾಗಿ ಕೂತಿದೆ. ನಮ್ಮ ಎರೆಮಣ್ಣಿನ ಪಾಲೂ ಅದರಲ್ಲುಂಟು. 2018ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ‘ಸಿಂಧು ಸಾಧನಾ’ ನೌಕೆಯಲ್ಲಿ ಹೋಗಿ, ಕೃಷ್ಣಾ-ಗೋದಾವರಿ ಕೊಳ್ಳದ ಆಳದಲ್ಲಿ ಮೀಥೇನ್ ಜಿನುಗುವ ತಾಣಗಳನ್ನು ಕಂಡರು. ಅಲ್ಲಿ ಇದೇ ಬಗೆಯ ಜೀವಿಗಳು ಸಿಕ್ಕವು: ಕರಾವಳಿಯವರು ಪಚ್ಚಿಲೆ, ಮರುವಾಯಿ ಎನ್ನುವ ಚಿಪ್ಪುಜೀವಿಗಳ ದೂರದ ನೆಂಟರು, ಜೊತೆಗೆ ಕೊಳವೆಹುಳುಗಳು.

ಅಲ್ಲಿ ಬಿಸಿ ಬುಗ್ಗೆಯಿಲ್ಲ. ಹೂಳಿನಲ್ಲಿ ಹೂತ ಜೀವಿಗಳ ಅವಶೇಷವನ್ನು ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಅದು ಮೇಲೇರುವಾಗ ಸಮುದ್ರದ ನೀರಿನ ಸಲ್ಫೇಟ್ ಬಳಸಿ ಬೇರೆ ಸೂಕ್ಷ್ಮಜೀವಿಗಳು ಅದನ್ನು ಉತ್ಕರ್ಷಿಸುತ್ತವೆ, ಆಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಇಂಥ ತಾಣಗಳ ಚಿಪ್ಪುಜೀವಿಗಳ ಕಿವಿರುಗಳಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಸಲ್ಫೈಡನ್ನು, ಕೆಲವು ನೇರವಾಗಿ ಮೀಥೇನನ್ನೇ ಬಳಸುತ್ತವೆ.

ಇಲ್ಲಿಂದ ಸಿಂಧನೂರಿಗೆ ಮರಳುವುದು ಸುಲಭವಾಯಿತು. ಎಡದಂಡೆ ಕಾಲುವೆಯ ನೀರು ನಿಂತ ನೆಲ್ಲಿನ ಗದ್ದೆಯ ರಾಡಿಯಲ್ಲಿ ಕಾಲಿಟ್ಟರೆ ಗುಳ್ಳೆ ಏಳುತ್ತದೆ: ಅದರಲ್ಲಿ ಮೀಥೇನ್ ಇದೆ. ಒಮ್ಮೊಮ್ಮೆ ಕೊಳೆತ ತತ್ತಿಯ ವಾಸನೆ: ಅದು ಹೈಡ್ರೋಜನ್ ಸಲ್ಫೈಡ್. ಹುಳ ಬದುಕುವುದು ಈ ಅನಿಲದ ಮೇಲೆಯೇ ಎಂದಾಗ ಇಡೀ ತರಗತಿ ಮೂಗು ಹಿಡಿದುಕೊಂಡಿತು. ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ: ರಾಡಿಯನ್ನು ಬಾಟಲಿಯಲ್ಲಿ ತಂದು ವಾರಗಟ್ಟಲೆ ಮುಚ್ಚಿಟ್ಟು, ತರಗತಿಯಲ್ಲಿ ತೆರೆದು ಮೂಸಲು ಕೊಡಬೇಡಿ. ಈ ಅನಿಲ ಹೆಚ್ಚಾದಾಗ ಮೂಗು ಅದರ ವಾಸನೆಯನ್ನೇ ಗುರುತಿಸದೆ ಹೋಗುತ್ತದೆ. ಗದ್ದೆಯ ಬದುವಿನ ಮೇಲೆ, ಬಯಲಲ್ಲಿ ನಿಂತು ನೋಡಿದರೆ ಸಾಕು.

ಹಲಗೆಯ ವಾಕ್ಯವನ್ನು ಏನು ಮಾಡುವುದು? ‘ಸೂರ್ಯ ಬೇಕಿಲ್ಲ’ ಎಂದು ಬರೆದರೆ ಇನ್ನೊಂದು ತಪ್ಪು. ಹುಳದ ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ ಸಮುದ್ರದ ತಳದಲ್ಲಿ ಹುಟ್ಟಿದ್ದಲ್ಲ. ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳು ಬಿಟ್ಟದ್ದು, ನೀರಿನೊಡನೆ ಕೆಳಗಿಳಿದದ್ದು. ಕೃಷ್ಣಾ-ಗೋದಾವರಿ ತಾಣದಲ್ಲಂತೂ ಮೀಥೇನ್ ಆದ ಅವಶೇಷವೂ ಒಂದು ಕಾಲದಲ್ಲಿ ಬಿಸಿಲುಂಡು ಬೆಳೆದದ್ದರಿಂದಲೇ ಬಂದದ್ದು. ಆದ್ದರಿಂದ ಪಾಠ ಯೋಜನೆಯಲ್ಲಿ ಹೀಗೆ ತಿದ್ದಿದೆವು: ‘ಬಹುತೇಕ ಜೀವಿಗಳ ಆಹಾರಕ್ಕೆ ಸೂರ್ಯನ ಬೆಳಕು ಮೂಲ, ಕೆಲವು ಬ್ಯಾಕ್ಟೀರಿಯಾಗಳು ರಾಸಾಯನಿಕ ಶಕ್ತಿಯಿಂದಲೂ ಆಹಾರ ತಯಾರಿಸುತ್ತವೆ.’ ಪರೀಕ್ಷೆಯ ಬಿಟ್ಟ ಸ್ಥಳ ತುಂಬಿರಿ ಪ್ರಶ್ನೆಗೆ ಇದು ಒಗ್ಗುವುದಿಲ್ಲ. ಒಗ್ಗದಿದ್ದರೆ ಪ್ರಶ್ನೆಯನ್ನು ಬದಲಿಸಬೇಕು ಎಂಬುದು ನನ್ನ ಮತ.

ವೀಕ್ಷಣಾ ಪುಸ್ತಕದ ಆ ಷರಾವನ್ನು ಹೊಡೆದುಹಾಕಿ, ಬದಿಯಲ್ಲಿ ಸಹಿ ಮಾಡಿ, ಪ್ರಶಿಕ್ಷಣಾರ್ಥಿಯೊಡನೆ ಆ ತರಗತಿಗೆ ಮತ್ತೊಮ್ಮೆ ಹೋದೆ. ಪಾಠವನ್ನು ಅವರೇ ಮಾಡಿದರು. ಹುಡುಗ ಕೊನೆಯವರೆಗೂ ಸುಮ್ಮನೆ ಕೇಳಿದ. ಆಮೇಲೆ ಎದ್ದು, “ಸರ್, ಮರಿ ಇದ್ದಾಗ ಇನ್ನಾ ಬ್ಯಾಕ್ಟೀರಿಯಾ ಬಂದಿರಂಗಿಲ್ಲಲ್ರಿ, ಆವಾಗ ಏನು ತಿಂತದ್ರಿ?” ಎಂದ. ಗಂಟೆ ಬಾರಿಸಿತ್ತು. ಪ್ರಶಿಕ್ಷಣಾರ್ಥಿ ಈ ಸಲ ನನ್ನ ಕಡೆ ನೋಡಲಿಲ್ಲ. ತಾಯಿ ತತ್ತಿಯಲ್ಲಿ ಇಟ್ಟುಕಳಿಸಿದ ಬುತ್ತಿಯ ಮೇಲೆ ವಾರಗಟ್ಟಲೆ ನೀರಿನಲ್ಲಿ ತೇಲುತ್ತ ಬದುಕುತ್ತದೆ, ಅಷ್ಟರೊಳಗೆ ತಾಣ ಸಿಗಬೇಕು ಎಂದು ಹೇಳಿ, ಹಲಗೆಯ ಮೇಲೆ ಒಂದು ತತ್ತಿ ಬರೆದು ತೋರಿಸಿದರು.