ಒಡೆಯನಿಗೆ ಪಾಠ ಹೇಳಿದ ಮೋಟಾರು

ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಗುಡ್ಡಗಾಡಿನ ಒಂದು ಮಣ್ಣುರಸ್ತೆಯ ಬದಿಯಲ್ಲಿ ನಾವು ನಿಂತಿದ್ದೇವೆಂದು ಊಹಿಸಿಕೊಳ್ಳೋಣ. ಎತ್ತರವಾದ ಕಪ್ಪು ಕಾರೊಂದು ಗಡಗಡ ಸದ್ದು ಮಾಡುತ್ತ ಬರುತ್ತದೆ. ಎದುರಿಗೆ ಕಡಿದಾದ ಏರು. ಕಾರು ಅರ್ಧ ಏರನ್ನು ಹತ್ತಿ, ಎರಡು ಬಾರಿ ಕೆಮ್ಮಿ, ನಿಂತುಬಿಡುತ್ತದೆ. ಅದನ್ನು ನಡೆಸುತ್ತಿದ್ದ ರೈತ ಗಾಬರಿಪಡುವುದಿಲ್ಲ. ಕಾರನ್ನು ಮೆಲ್ಲನೆ ಕೆಳಕ್ಕೆ ಬಿಟ್ಟು, ಏರಿನ ಬುಡದಲ್ಲಿ ಅದರ ಮುಖವನ್ನು ಹಿಂದಕ್ಕೆ ತಿರುಗಿಸಿ, ಬೆನ್ನು ಮುಂದಾಗಿ ಅದೇ ಏರನ್ನು ಹತ್ತಿ ಹೋಗಿಬಿಡುತ್ತಾನೆ!

ಮುಖ ಮುಂದಾಗಿ ಹತ್ತಲಾರದ ಕಾರು ಬೆನ್ನು ಮುಂದಾಗಿ ಹತ್ತಿದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಮುಂದೆ ನೋಡೋಣ. ಕಾಲೇಜಿನ ಮೆಟ್ಟಿಲನ್ನೇ ಹತ್ತದಿದ್ದ ಆ ರೈತನಿಗೆ ಅದರ ಉತ್ತರ ತಿಳಿದಿತ್ತು ಎಂಬುದು ಹೆಚ್ಚು ಸ್ವಾರಸ್ಯವಾದ ಸಂಗತಿ. ಅವನಿಗೆ ಅದನ್ನು ಕಲಿಸಿದವರು ಯಾವ ಉಪಾಧ್ಯಾಯರೂ ಅಲ್ಲ. ಅವನ ಕಾರೇ ಕಲಿಸಿತ್ತು. ಆ ಕಾರು ಫೋರ್ಡ್ ಕಂಪನಿಯ ‘ಟಿ’ ಮಾದರಿ.

ರೈತನ ಮಗನ ಸಾಹಸ

ಹೆನ್ರಿ ಫೋರ್ಡ್ ಹುಟ್ಟಿದುದು 1863ರಲ್ಲಿ, ಮಿಚಿಗನ್ ಸಂಸ್ಥಾನದ ಡಿಯರ್‌ಬಾರ್ನ್ ಬಳಿಯ ಒಂದು ರೈತ ಕುಟುಂಬದಲ್ಲಿ. ಬೇಸಾಯಕ್ಕಿಂತ ಯಂತ್ರಗಳಲ್ಲಿಯೇ ಆತನಿಗೆ ಹೆಚ್ಚಿನ ಒಲವು. ಡೆಟ್ರಾಯಿಟ್ ನಗರದ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರಾಗಿದ್ದಾಗ, ಬಿಡುವಿನ ವೇಳೆಯಲ್ಲಿ ಮನೆಯ ಹಿಂದಣ ಸಣ್ಣ ಕೊಠಡಿಯಲ್ಲಿ ದುಡಿದು, ನಾಲ್ಕು ಸೈಕಲ್ ಚಕ್ರಗಳ ಮೇಲೆ ಓಡುವ ತನ್ನ ಮೊದಲ ಮೋಟಾರು ಬಂಡಿಯನ್ನು 1896ರ ಜೂನ್ ತಿಂಗಳಲ್ಲಿ ಮುಗಿಸಿದ. ಬಂಡಿಯೇನೋ ಸಿದ್ಧವಾಯಿತು, ಆದರೆ ಅದು ಬಾಗಿಲಿಗಿಂತ ಅಗಲವಾಗಿತ್ತು. ಗೋಡೆಯ ಇಟ್ಟಿಗೆಗಳನ್ನು ಒಡೆದೇ ಅದನ್ನು ಬೀದಿಗೆ ತರಬೇಕಾಯಿತು. ಮುಂದೆ ಆತ ಕೈಹಾಕಿದ ಎರಡು ಕಂಪನಿಗಳಿಂದ ಆತನಿಗೆ ಯಶಸ್ಸು ದೊರೆಯಲಿಲ್ಲ. 1903ರ ಜೂನ್ 16ರಂದು ಸ್ಥಾಪಿತವಾದ ಮೂರನೆಯದೇ ಫೋರ್ಡ್ ಮೋಟಾರ್ ಕಂಪನಿ.

ಆ ಕಾಲದಲ್ಲಿ ಕಾರು ಶ್ರೀಮಂತರ ಆಟದ ವಸ್ತುವಾಗಿತ್ತು. ಸಾಮಾನ್ಯನ ಕೈಗೆಟಕುವ ಕಾರನ್ನು ತಯಾರಿಸಬೇಕೆಂಬುದು ಫೋರ್ಡನ ಹಂಬಲ. ತನ್ನ ಮಾದರಿಗಳಿಗೆ ‘ಎ’ಯಿಂದ ತೊಡಗಿ ಅಕ್ಷರಗಳ ಹೆಸರನ್ನಿಡುತ್ತ ಬಂದ ಕಂಪನಿ, 1908ರ ಅಕ್ಟೋಬರ್ 1ರಂದು ‘ಟಿ’ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಬೆಲೆ 850 ಡಾಲರು.

ಅದರ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು. ಅವುಗಳ ಒಟ್ಟು ಗಾತ್ರ 2.9 ಲೀಟರು, ಸಾಮರ್ಥ್ಯ ಕೇವಲ 20 ಅಶ್ವಶಕ್ತಿ. ಇಂದಿನ ಮಧ್ಯಮ ತರದ ಮೋಟಾರ್ ಸೈಕಲ್ಲಿಗೂ ಇಷ್ಟು ಸಾಮರ್ಥ್ಯವುಂಟು. ಆದರೂ ಕಾರಿನ ತೂಕ ಸುಮಾರು 1,200 ಪೌಂಡು, ಎಂದರೆ 540 ಕಿಲೋಗ್ರಾಮಿನಷ್ಟು ಮಾತ್ರವೇ ಇದ್ದುದರಿಂದ, ಅದು ಗಂಟೆಗೆ 40ರಿಂದ 45 ಮೈಲಿ ವೇಗದಲ್ಲಿ ಓಡಬಲ್ಲದಾಗಿತ್ತು. ಇಷ್ಟು ಹಗುರವಾಗಿದ್ದೂ ಅದು ಗಟ್ಟಿಯಾಗಿದ್ದುದಕ್ಕೆ ಮುಖ್ಯ ಕಾರಣ ವೆನೇಡಿಯಮ್ ಎಂಬ ಧಾತುವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಉಕ್ಕು. ಸಾಮಾನ್ಯ ಉಕ್ಕಿಗಿಂತ ಇದು ಹೆಚ್ಚಿನ ಎಳೆತವನ್ನು ತಾಳುತ್ತದೆ. ಆದ್ದರಿಂದ ಅಚ್ಚು, ಸ್ಪ್ರಿಂಗು ಮೊದಲಾದ ಭಾಗಗಳನ್ನು ತೆಳುವಾಗಿ ಮಾಡಿದರೂ ಅವು ಮುರಿಯುತ್ತಿರಲಿಲ್ಲ. ಕಾರಿನ ಹೊಟ್ಟೆ ನೆಲದಿಂದ ಸಾಕಷ್ಟು ಎತ್ತರದಲ್ಲಿದ್ದು, ಬಂಡಿಯ ಗಾಲಿಗಳು ಕೊರೆದ ಕೆಸರುಹಾದಿಗಳಲ್ಲಿಯೂ ಅದು ಸಾಗುತ್ತಿತ್ತು.

ಮುಂಜಾವಿನ ಪರೀಕ್ಷೆ

ಆದರೆ ಈ ಕಾರನ್ನು ಕೊಂಡವನಿಗೆ ಸುಖನಿದ್ರೆ ಇರಲಿಲ್ಲ. ಪ್ರತಿ ಮುಂಜಾನೆಯೂ ಅವನಿಗೊಂದು ಪರೀಕ್ಷೆ. ಮೊದಮೊದಲ ಕಾರುಗಳಲ್ಲಿ ವಿದ್ಯುತ್ ಸ್ಟಾರ್ಟರು ಇರಲಿಲ್ಲ. ಅದು ಈ ಮಾದರಿಗೆ ದೊರೆತುದು 1919ರಿಂದ ಈಚೆಗೆ. ಅಲ್ಲಿಯವರೆಗೆ ಕಾರಿನ ಮುಂದೆ ನಿಂತು ಹ್ಯಾಂಡಲನ್ನು ಕೈಯಿಂದ ತಿರುಗಿಸಿಯೇ ಎಂಜಿನನ್ನು ಎಬ್ಬಿಸಬೇಕಾಗಿತ್ತು. ನಮ್ಮ ನಾಡಿನ ಹಿರಿಯರೂ ಹಳೆಯ ಬಸ್ಸು ಲಾರಿಗಳ ಮುಂದೆ ಈ ದೃಶ್ಯವನ್ನು ಕಂಡಿದ್ದಾರೆ.

ಇದರಲ್ಲೊಂದು ಅಪಾಯವಿತ್ತು. ಸಿಲಿಂಡರಿನಲ್ಲಿರುವ ಪೆಟ್ರೋಲಿನ ಆವಿ ಉರಿಯಲು ಸ್ವಲ್ಪ ಕಾಲ ಬೇಕು. ಆದ್ದರಿಂದ ಎಂಜಿನು ವೇಗವಾಗಿ ತಿರುಗುತ್ತಿರುವಾಗ, ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕಿಡಿಯನ್ನು ಕೊಡಬೇಕು. ಕೈಯಿಂದ ನಿಧಾನವಾಗಿ ತಿರುಗಿಸುವಾಗಲೂ ಕಿಡಿಯನ್ನು ಹಾಗೆಯೇ ಮೊದಲು ಕೊಟ್ಟರೆ ಏನಾದೀತು? ಇನ್ನೂ ಮೇಲೇರುತ್ತಿರುವ ಪಿಸ್ಟನ್ನನ್ನು ಉರಿಯುವ ಅನಿಲ ಕೆಳಕ್ಕೆ ನೂಕುತ್ತದೆ. ಎಂಜಿನು ಹಿಮ್ಮುಖವಾಗಿ ಒದೆಯುತ್ತದೆ. ಹ್ಯಾಂಡಲು ತಿರುಗಿಸುವವನ ಮಣಿಕಟ್ಟು ಮುರಿಯುತ್ತದೆ. ಹೀಗೆ ಕೈ ಮುರಿದುಕೊಂಡವರು ಅಂದು ಬಹಳ ಮಂದಿ. ಅನುಭವಸ್ಥನು ಮೊದಲು ಸ್ಟಿಯರಿಂಗಿನ ಎಡಬದಿಯ ಲಿವರನ್ನು ಸರಿಸಿ ಕಿಡಿಯನ್ನು ತಡವಾಗಿಸುತ್ತಿದ್ದ. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇರಿಸುತ್ತಿದ್ದ. ಎಂಜಿನು ಒದೆದರೆ ಹ್ಯಾಂಡಲು ಕೈಯಿಂದ ಜಾರಿಹೋಗಲಿ ಎಂಬುದು ಇದರ ಉದ್ದೇಶ.

ಚಳಿಗಾಲದಲ್ಲಿ ಇನ್ನೊಂದು ಕಷ್ಟ. ಎಂಜಿನಿಗೂ ಗೇರಿಗೂ ಒಂದೇ ಎಣ್ಣೆ. ಚಳಿಯಲ್ಲಿ ಆ ಎಣ್ಣೆ ಗಟ್ಟಿಯಾಗಿ ಕ್ಲಚ್ಚಿನ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿದಂತೆ ಹಿಡಿಯುತ್ತಿತ್ತು. ಎಂಜಿನು ಎದ್ದೊಡನೆಯೇ ಕಾರು ತನ್ನ ಒಡೆಯನ ಮೇಲೆಯೇ ತೆವಳಿಕೊಂಡು ಬರುತ್ತಿತ್ತು! ಇದಕ್ಕೆ ಒಡೆಯರು ಕಂಡುಕೊಂಡ ಉಪಾಯ, ಒಂದು ಹಿಂಚಕ್ರವನ್ನು ಜಾಕಿನಿಂದ ಎತ್ತಿ ನಿಲ್ಲಿಸುವುದು. ಎರಡು ಹಿಂಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆಯ ಗುಣವೇನೆಂದರೆ, ತಡೆಯಿಲ್ಲದ ಚಕ್ರವೇ ತಿರುಗುತ್ತದೆ. ನೆಲದ ಮೇಲಿರುವ ಚಕ್ರ ಸುಮ್ಮನಿರುತ್ತದೆ. ಎತ್ತಿದ ಚಕ್ರವು ಗಾಳಿಯಲ್ಲಿ ಗಿರ್ರನೆ ತಿರುಗುತ್ತಿದ್ದರೆ ಕಾರು ನಿಂತಲ್ಲಿಯೇ ಇರುತ್ತಿತ್ತು.

ಏರಿನ ಒಗಟು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಈ ಕಾರಿನಲ್ಲಿ ಪೆಟ್ರೋಲನ್ನು ಎಂಜಿನಿಗೆ ತಲುಪಿಸಲು ಪಂಪು ಇರಲಿಲ್ಲ. ಟ್ಯಾಂಕು ಮುಂದಿನ ಆಸನದ ಅಡಿಯಲ್ಲಿತ್ತು; ಕಾರ್ಬ್ಯುರೇಟರು ಅದಕ್ಕಿಂತ ತಗ್ಗಿನಲ್ಲಿ, ಕಾರಿನ ಮುಂಭಾಗದಲ್ಲಿತ್ತು. ನೀರು ತಗ್ಗಿಗೆ ಹರಿಯುವಂತೆ ಪೆಟ್ರೋಲು ತನ್ನ ಭಾರದಿಂದಲೇ ಹರಿದುಬರುತ್ತಿತ್ತು. ಕಾರು ಏರನ್ನು ಹತ್ತುವಾಗ ಅದರ ಮೂತಿ ಮೇಲೇಳುತ್ತದೆ. ಏರು ಕಡಿದಾಗಿದ್ದು, ಟ್ಯಾಂಕಿನಲ್ಲಿ ಪೆಟ್ರೋಲೂ ಕಡಿಮೆಯಿದ್ದರೆ, ಅದರ ಮಟ್ಟ ಕಾರ್ಬ್ಯುರೇಟರಿಗಿಂತ ಕೆಳಗಾಗುತ್ತದೆ. ಗುರುತ್ವಾಕರ್ಷಣದಿಂದ ಹರಿಯಬೇಕಾದ ಪೆಟ್ರೋಲು ಮೇಲಕ್ಕೆ ಹರಿಯುವುದುಂಟೇ? ಎಂಜಿನು ಬಾಯಾರಿ ನಿಲ್ಲುತ್ತದೆ. ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸಿದರೆ ಮೂತಿ ಕೆಳಗೆ, ಟ್ಯಾಂಕು ಮೇಲೆ. ಪೆಟ್ರೋಲು ಮತ್ತೆ ಹರಿಯುತ್ತದೆ!

ಇದರಿಂದ ಇನ್ನೊಂದು ಲಾಭವೂ ಇತ್ತು. ಮುಮ್ಮುಖದ ಕೆಳಗೇರಿನಲ್ಲಿ ಎಂಜಿನು 2.75 ಸುತ್ತು ತಿರುಗಿದಾಗ ಗೇರುಪೆಟ್ಟಿಗೆಯಿಂದ ಒಂದು ಸುತ್ತು ಹೊರಬರುತ್ತಿತ್ತು; ಹಿಮ್ಮುಖದ ಗೇರಿನಲ್ಲಿ ಒಂದು ಸುತ್ತಿಗೆ ಎಂಜಿನಿನ 4 ಸುತ್ತುಗಳು. ವೇಗ ಕಡಿಮೆಯಾದಷ್ಟೂ ತಿರುಚುವ ಬಲ ಹೆಚ್ಚು. ಆದ್ದರಿಂದ ಹಿಮ್ಮುಖದ ಕಾರಿನ ಎಳೆತ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು.

ದೀಪ ಹೇಳಿದ ನಿಯಮ

ತರಗತಿಯಲ್ಲಿ ಫ್ಯಾರಡೆಯ ವಿದ್ಯುತ್ ಪ್ರೇರಣೆಯ ನಿಯಮವನ್ನು ಬೋಧಿಸುವಾಗಲೆಲ್ಲ ನನಗೆ ಈ ಕಾರಿನ ನೆನಪಾಗುತ್ತದೆ. ಅದರ ಎಂಜಿನಿನ ಹಿಂಬದಿಯ ಭಾರಚಕ್ರಕ್ಕೆ 16 ಅಯಸ್ಕಾಂತಗಳನ್ನು ಬಿಗಿದಿದ್ದರು. ಅವುಗಳೆದುರಿಗೆ 16 ತಂತಿಸುರುಳಿಗಳು ಸ್ಥಿರವಾಗಿದ್ದುವು. ಚಕ್ರ ತಿರುಗಿದಾಗ ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟಿ, ಕಿಡಿಗೆ ಬೇಕಾದ ಶಕ್ತಿಯನ್ನು ಒದಗಿಸುತ್ತಿತ್ತು. 1915ರಿಂದ ಮುಂದಿನ ದೀಪಗಳಿಗೂ ಇದರಿಂದಲೇ ವಿದ್ಯುತ್ತು. ಆದರೆ ಹೀಗೆ ಪ್ರೇರಿತವಾಗುವ ವೋಲ್ಟೇಜು ಚಕ್ರದ ವೇಗವನ್ನು ಅವಲಂಬಿಸಿರುತ್ತದೆ. ಪರಿಣಾಮವಾಗಿ, ಕಾರು ವೇಗವಾಗಿ ಓಡುವಾಗ ದೀಪಗಳು ಪ್ರಜ್ವಲಿಸುತ್ತಿದ್ದುವು. ಕತ್ತಲೆಯ ತಿರುವಿನಲ್ಲಿ, ಎಂದರೆ ಬೆಳಕು ಅತ್ಯಗತ್ಯವಾಗಿ ಬೇಕಾದಾಗ, ಮಂಕಾಗುತ್ತಿದ್ದುವು. ಎಂಜಿನಿನ ವೇಗವನ್ನು ಹೆಚ್ಚಿಸಿ ದಾರಿಯನ್ನು ನೋಡಿಕೊಳ್ಳುತ್ತಿದ್ದ ಒಡೆಯನಿಗೆ ಫ್ಯಾರಡೆಯ ಹೆಸರು ಗೊತ್ತಿಲ್ಲದಿರಬಹುದು, ನಿಯಮವಂತೂ ಗೊತ್ತಿತ್ತು.

ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿದೆ ಎಂದು ತಿಳಿಯಲು ಆಸನವನ್ನೆತ್ತಿ ಕಡ್ಡಿಯನ್ನು ಅದ್ದಿ ನೋಡಬೇಕಾಗಿತ್ತು. ರೇಡಿಯೇಟರಿನ ನೀರು ಬಿಸಿಯಾಗಿ ಮೇಲೇರುವ, ತಂಪಾಗಿ ಕೆಳಗಿಳಿಯುವ ಸ್ವಭಾವದಿಂದಲೇ ಸುತ್ತುತ್ತಿತ್ತು. ದೀರ್ಘವಾದ ಏರಿನಲ್ಲಿ ಅದು ಕುದಿದು ಹಬೆಯಾಡುತ್ತಿತ್ತು. ಕಂಪನಿಯು ಒಡೆಯರಿಗಾಗಿ ಪ್ರಶ್ನೋತ್ತರ ರೂಪದ ಕೈಪಿಡಿಯೊಂದನ್ನು ಪ್ರಕಟಿಸಿತ್ತು. ಅದನ್ನೋದಿ, ಸಾಮಾನ್ಯ ಉಪಕರಣಗಳಿಂದಲೇ ಬಹುಪಾಲು ದುರಸ್ತಿಯನ್ನು ರೈತನು ತನ್ನ ಅಂಗಳದಲ್ಲಿಯೇ ಮಾಡಿಕೊಳ್ಳುತ್ತಿದ್ದ. ಅಷ್ಟಕ್ಕೇ ನಿಲ್ಲದೆ, ಎತ್ತಿದ ಹಿಂಚಕ್ರಕ್ಕೆ ಪಟ್ಟಿಯನ್ನು ತೊಡಿಸಿ ಸೌದೆ ಕೊಯ್ಯುವ ಗರಗಸವನ್ನೂ ನೀರೆತ್ತುವ ಪಂಪನ್ನೂ ನಡೆಸುತ್ತಿದ್ದ. ದುಡಿಯುವ ಎತ್ತಿನ ನಡೆನುಡಿಯೆಲ್ಲ ಒಕ್ಕಲಿಗನಿಗೆ ತಿಳಿದಿರುವಂತೆ, ಆ ಕಾರಿನ ಒಂದೊಂದು ಸದ್ದಿನ ಅರ್ಥವೂ ಅವನಿಗೆ ತಿಳಿದಿತ್ತು.

ಕಾರ್ಖಾನೆಯ ಇನ್ನೊಂದು ಮುಖ

ಒಡೆಯನಿಗೆ ಹೀಗೆ ವಿದ್ಯೆ ಕಲಿಸಿದ ಕಾರು, ಅದನ್ನು ತಯಾರಿಸಿದವನಿಗೆ ಏನನ್ನು ಕಲಿಸಿತು?

ಬೇಡಿಕೆ ಏರಿದಂತೆ ಫೋರ್ಡ್ ಕಂಪನಿಯು ಹೈಲೆಂಡ್ ಪಾರ್ಕ್ ಎಂಬಲ್ಲಿ 1910ರಲ್ಲಿ ಹೊಸ ಕಾರ್ಖಾನೆಯನ್ನು ತೆರೆಯಿತು. 1913ರಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು. ಮೇಲೆ ವಿವರಿಸಿದ ಅಯಸ್ಕಾಂತದ ಯಂತ್ರವನ್ನು ಅದುವರೆಗೆ ಒಬ್ಬನೇ ಕೆಲಸಗಾರ ಪೂರ್ತಿಯಾಗಿ ಜೋಡಿಸುತ್ತಿದ್ದ. ಒಂದಕ್ಕೆ ಸುಮಾರು 20 ನಿಮಿಷ ಹಿಡಿಯುತ್ತಿತ್ತು. ಆ ಕೆಲಸವನ್ನು 29 ತುಂಡುಗಳಾಗಿ ಒಡೆದು, 29 ಮಂದಿಯನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನಿಗೆ ಒಂದೊಂದು ತುಂಡನ್ನು ವಹಿಸಿದರು. ಕಾಲ 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಸಾಲನ್ನು ಇನ್ನಷ್ಟು ತಿದ್ದಿದ ಮೇಲೆ 5 ನಿಮಿಷಕ್ಕೆ ಬಂತು. ಇದೇ ಕ್ರಮವನ್ನು ಕಾರಿನ ಚೌಕಟ್ಟಿಗೂ ಅನ್ವಯಿಸಿದಾಗ, ಹನ್ನೆರಡೂವರೆ ಗಂಟೆಯ ಜೋಡಣೆ 1914ರ ವೇಳೆಗೆ 93 ನಿಮಿಷಗಳಲ್ಲಿ ಮುಗಿಯತೊಡಗಿತು. ಕೆಲಸಗಾರ ನಿಂತಲ್ಲೇ ನಿಂತ. ಕಾರೇ ಅವನ ಮುಂದೆ ಹರಿದುಬಂತು.

ಬೆಲೆಗಳು ಕುಸಿದುವು. 1925ರಲ್ಲಿ ಈ ಮಾದರಿಯ ಅತಿ ಅಗ್ಗದ ಕಾರು 260 ಡಾಲರಿಗೆ ದೊರೆಯುತ್ತಿತ್ತು. ಆದರೆ ದಿನವಿಡೀ ಒಂದೇ ಬೋಲ್ಟನ್ನು ಬಿಗಿಯುವುದು ಮನುಷ್ಯನಿಗೆ ಸಹ್ಯವಾಗಲಿಲ್ಲ. ಸುಮಾರು 14,000 ಕೆಲಸಗಾರರ ಬಲವನ್ನು ಕಾಯ್ದುಕೊಳ್ಳಲು ಕಂಪನಿಯು 1913ರಲ್ಲಿ 50,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಅಷ್ಟು ಬೇಗ ಅವರು ಕೆಲಸ ಬಿಟ್ಟುಹೋಗುತ್ತಿದ್ದರು. 1914ರ ಜನವರಿ 5ರಂದು ಫೋರ್ಡ್ ದಿನಗೂಲಿಯನ್ನು ಸರಿಸುಮಾರು ಇಮ್ಮಡಿಗೊಳಿಸಿ 5 ಡಾಲರು ಮಾಡಿದುದೂ, ದುಡಿಮೆಯನ್ನು 9 ಗಂಟೆಯಿಂದ 8 ಗಂಟೆಗೆ ಇಳಿಸಿದುದೂ ಜಗತ್ತಿಗೆಲ್ಲ ಸುದ್ದಿಯಾಯಿತು. ಕೆಲಸಕ್ಕಾಗಿ ಜನ ಮುಗಿಬಿದ್ದರು. ಆದರೆ ಆ ಕೂಲಿಗೆ ಷರತ್ತುಗಳೂ ಇದ್ದುವು. ಕೆಲಸಗಾರನ ಮನೆಯ ಬದುಕನ್ನು ಪರಿಶೀಲಿಸಲು ಕಂಪನಿಯು ಒಂದು ಇಲಾಖೆಯನ್ನೇ ಇರಿಸಿತ್ತು.

ಇಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ಕಾರನ್ನು ಕೊಂಡವನಿಗೆ ಇಡೀ ಕಾರು ತಿಳಿದಿತ್ತು. ಕಾರನ್ನು ಕಟ್ಟಿದವನಿಗೆ ಒಂದು ಬೋಲ್ಟು ಮಾತ್ರ ತಿಳಿದಿತ್ತು. ಕಾರ್ಖಾನೆಯ ಸಾಲಿನಲ್ಲಿ ತುಂಡುತುಂಡಾದ ವಿದ್ಯೆ ರೈತನ ಅಂಗಳದಲ್ಲಿ ಮತ್ತೆ ಒಂದುಗೂಡಿತು.

ಹಟದ ಫಲ

ಫೋರ್ಡನ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಇತ್ತೆಂಬ ಮಾತು ಅರ್ಧ ಸತ್ಯ. ಮೊದಮೊದಲು ಬೇರೆ ಬಣ್ಣಗಳೂ ಇದ್ದುವು; 1914ರಿಂದ 1925ರವರೆಗೆ ಮಾತ್ರ ಕೇವಲ ಕಪ್ಪು. ಆದರೆ ಆತ ಬದಲಾವಣೆಯನ್ನು ಒಪ್ಪಲಿಲ್ಲವೆಂಬುದಂತೂ ನಿಜ. ಅಷ್ಟರಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ಬಗೆಬಗೆಯ ಬಣ್ಣದ, ಹೆಚ್ಚು ಸುಖಕರವಾದ ಕಾರುಗಳನ್ನು ಕಂತಿನ ಸಾಲದ ಮೇಲೆ ಮಾರತೊಡಗಿತ್ತು. ರಸ್ತೆಗಳೂ ಸುಧಾರಿಸಿದ್ದುವು. ಗುಂಡಿಯನ್ನು ಒತ್ತಿದರೆ ಹೊರಡುವ ಕಾರು ದೊರೆಯುವಾಗ ಮಣಿಕಟ್ಟನ್ನು ಪಣಕ್ಕಿಡುವವರು ಯಾರು? 1927ರ ಮೇ 26ರಂದು ಒಂದೂವರೆ ಕೋಟಿಯ ‘ಟಿ’ ಕಾರು ಹೊರಬಂತು. ಅದರೊಡನೆ ಆ ಮಾದರಿಯ ತಯಾರಿಕೆ ಮುಕ್ತಾಯದ ಹಂತ ಮುಟ್ಟಿತು. ಈ ಸಂಖ್ಯೆಯನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಮೀರಿಸಿದುದು 1972ರಲ್ಲಿ. ಇಂದಿಗೂ ಈ ಕಾರುಗಳನ್ನು ಜತನದಿಂದ ಕಾಪಾಡಿ ಓಡಿಸುವವರಿದ್ದಾರೆ. ಅವರಿಗಾಗಿ ಬಿಡಿಭಾಗಗಳು ಈಗಲೂ ತಯಾರಾಗುತ್ತಿವೆ.

ಆ ಕಾಲ ಮರಳಿ ಬರಲೆಂದು ಹಾರೈಸಬೇಕಾಗಿಲ್ಲ. ಇಂದಿನ ಕಾರು ಹೆಚ್ಚು ಸುರಕ್ಷಿತ, ಹೆಚ್ಚು ನಂಬಿಕೆಗೆ ಅರ್ಹ. ಕೈ ಮುರಿಯುವುದು ಕಲಿಕೆಯ ಶುಲ್ಕವಾಗಬೇಕಾಗಿಲ್ಲ. ಆದರೆ ಕೆಡದ ಯಂತ್ರ ನಮಗೆ ಪಾಠ ಹೇಳುವುದಿಲ್ಲ. ಕೆಟ್ಟಾಗಲೂ ಒಂದು ಕೆಂಪು ದೀಪವನ್ನು ಬೆಳಗಿಸಿ ಸುಮ್ಮನಾಗುತ್ತದೆ. ಆದ್ದರಿಂದ ಅಂದು ಯಂತ್ರವೇ ಕೇಳುತ್ತಿದ್ದ ಪ್ರಶ್ನೆಗಳನ್ನು ಇಂದು ನಾವೇ ಕೇಳಿಕೊಳ್ಳಬೇಕು. ವಿದ್ಯಾರ್ಥಿ ಮಿತ್ರರು ಇಂದು ಸಂಜೆಯೇ ಇದನ್ನು ಪ್ರಾರಂಭಿಸಬಹುದು. ಕಾರ್ಬ್ಯುರೇಟರುಳ್ಳ ಹಳೆಯ ಮೋಟಾರ್ ಸೈಕಲ್ಲೊಂದು ಬೀದಿಯಲ್ಲಿ ನಿಂತಿದ್ದರೆ ಅದರ ಬಳಿಗೆ ಹೋಗಿ ನೋಡಲಿ. ಅದರ ಪೆಟ್ರೋಲಿನ ಟ್ಯಾಂಕನ್ನು ಎಂಜಿನಿನ ಮೇಲ್ಗಡೆಯೇ ಏಕೆ ಇರಿಸಿದ್ದಾರೆ?