ಕಾಫಿ ಹೂವು ಮತ್ತು ಜೇನುನೊಣ: ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಮೂಡಿಗೆರೆ, ಕಳಸ ಭಾಗದ ತೋಟಗಳಲ್ಲಿ ಹೂಮಳೆ ಬಿದ್ದ ಸುಮಾರು 8–10 ದಿನಗಳಿಗೆ ಕಾಫಿ ಹೂ ಅರಳುತ್ತದೆ. ಅರೇಬಿಕಾ ಸ್ವಂತ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾಗೆ ಬೇರೆ ಗಿಡದ ಪರಾಗ ಅವಶ್ಯಕ. ಗಾಳಿಯೊಂದಿಗೆ ಹೆಜ್ಜೇನು, ತುಡುವೆ ಜೇನುಗಳು ಅದನ್ನು ತಲುಪಿಸುತ್ತವೆ.

ವಿದ್ಯಾರ್ಥಿಗಳು ಇದನ್ನು ತೋಟದಲ್ಲಿಯೇ ಪರೀಕ್ಷಿಸಬಹುದು. ಮೊಗ್ಗು ಬಿರಿಯುವ ಮೊದಲು ರೋಬಸ್ಟಾದ ಒಂದು ಕೊಂಬೆಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಪಕ್ಕದ ಕೊಂಬೆಯನ್ನು ಹಾಗೆಯೇ ಬಿಡಬೇಕು. ಎರಡರ ಮೊಗ್ಗುಗಳನ್ನೂ ಎಣಿಸಿಟ್ಟು, ಹೂ ಬಾಡಿದ ಮೇಲೆ ಪರದೆ ತೆಗೆದು, ಮಳೆಗಾಲದಲ್ಲಿ ಕಾಯಿಗಳನ್ನು ಹೋಲಿಸಬೇಕು. ಪರದೆಯೊಳಗೆ ಗಾಳಿ ಸುಳಿಯುತ್ತದೆ, ಜೇನು ಹೋಗಲಾರದು.

ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಆದುದರಿಂದ ನೆರಳುಮರಗಳಲ್ಲಿನ ಗೂಡಿಗೆ ಬೆಂಕಿ ಇಡಬಾರದು, ಕಲ್ಲೆಸೆಯಬಾರದು, ದೂರದಿಂದಲೇ ನೋಡಬೇಕು. ಹೂವಿರುವ ದಿನಗಳಲ್ಲಿ ಕೀಟನಾಶಕ ಸಿಂಪಡಿಸದಂತೆ ಮನೆಯವರಿಗೂ ತಿಳಿಸಬೇಕು.